ಪಕ್ಕದಲ್ಲಿ ಕೂರುತ್ತಿದ್ದವರು

ನಮ್ಮ ದೊಡ್ಡಮ್ಮ ಮೊಬೈಲನ್ನು ಎರಡು ದಪ್ಪ ಪುಸ್ತಕಗಳ ನಡುವೆ ಸಿಕ್ಕಿಸಿ ನಿಲ್ಲಿಸುತ್ತಿದ್ದರು. ಅದರ ಕೆಳಗೆ ಒಗೆದು ಮಡಚಿದ ಬಿಳಿ ಬಟ್ಟೆ. 2020ರ ಏಪ್ರಿಲ್‌ನಲ್ಲಿ ಶುರುವಾದ ಅಭ್ಯಾಸ ಅದು. ಪ್ರಾರ್ಥನೆಯ ನೇರಪ್ರಸಾರಕ್ಕೆ ಅರ್ಧ ಗಂಟೆ ಇರುವಾಗಲೇ ಸ್ನಾನ ಮಾಡಿ, ಒಳ್ಳೆಯ ಬಟ್ಟೆ ಹಾಕಿಕೊಂಡು, ತಲೆ ಬಾಚಿಕೊಂಡು ಬಂದು ಕೂರುತ್ತಿದ್ದರು. ಆ ಹೊತ್ತಿನಲ್ಲಿ ಯಾರ ಫೋನ್ ಬಂದರೂ ಎತ್ತುತ್ತಿರಲಿಲ್ಲ. ನಡುವೆ ಜಾಹೀರಾತು ಬಂದರೆ ಮುಖ ಆಚೆ ತಿರುಗಿಸಿ, ಕಣ್ಣು ಮುಚ್ಚಿ, ಅದು ಮುಗಿಯುವ ತನಕ ಬಾಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು.

ಒಂದು ದಿನ ಕೇಳಿದೆ, "ಹೇಗಿತ್ತು ದೊಡ್ಡಮ್ಮಾ ಇವತ್ತು?"

"ಎಲ್ಲಾ ಚೆನ್ನಾಗಿ ಕಾಣಿಸುತ್ತೆ ಮಗಾ. ಅಲ್ಲಿಗೇ ಹೋಗಿ ಕೂತಾಗ್ಲೂ ಇಷ್ಟು ಹತ್ತಿರದಿಂದ ನೋಡಿರ್ಲಿಲ್ಲ," ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೆ ಪಕ್ಕದಲ್ಲಿ ಯಾರೂ ಇಲ್ವಲ್ಲ," ಅಂದರು.

ಅವರು ಹೋಗುತ್ತಿದ್ದದ್ದು ಯಾವ ಧರ್ಮದ ಜಾಗಕ್ಕೆ ಎಂದು ಬೇಕೆಂದೇ ಬರೆಯುತ್ತಿಲ್ಲ. ಯಾವುದೇ ಆಗಿದ್ದರೂ ಆ ಮಾತು ಅದೇ ಇರುತ್ತಿತ್ತು. ಇಷ್ಟು ವರ್ಷ ಕಳೆದರೂ ಅದು ನನ್ನ ತಲೆಯಿಂದ ಹೋಗಿಲ್ಲ. ಸಾಂಕ್ರಾಮಿಕ ರೋಗ ಧರ್ಮವನ್ನು ಹೇಗೆ ಬದಲಾಯಿಸಿತು ಎಂಬ ಮಾತು ಬಂದಾಗಲೆಲ್ಲ ಜನ ನಂಬಿಕೆ ಜಾಸ್ತಿಯಾಯಿತಾ, ಕಡಿಮೆಯಾಯಿತಾ ಎಂದು ಕೇಳುತ್ತಾರೆ. ನನಗೆ ಕಾಣುವಂತೆ ದೇವರಿಗೂ ಮನುಷ್ಯರಿಗೂ ನಡುವಿನ ದಾರಿ ಹೆಚ್ಚೇನೂ ಕೆಡಲಿಲ್ಲ. ಕೆಟ್ಟಿದ್ದು ಪಕ್ಕದಲ್ಲಿ ಕೂರುತ್ತಿದ್ದವರಿಗೂ ನಮಗೂ ನಡುವಿನ ದಾರಿ.

ಬಾಗಿಲು ಮುಚ್ಚಿದ ಆ ದಿನಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. 2020ರ ಮಾರ್ಚ್ ಮೊದಲ ವಾರದಲ್ಲಿ ಮೆಕ್ಕಾದ ಕಾಬಾದ ಸುತ್ತಲಿನ ಅಂಗಳವನ್ನು ಸ್ವಚ್ಛ ಮಾಡಲು ಖಾಲಿ ಮಾಡಿಸಿದರು. ಹಗಲು ರಾತ್ರಿ ಜನ ಸುತ್ತುತ್ತಲೇ ಇರುವ ಜಾಗ ಅದು. ಬಿಳಿ ನೆಲ ಬರಿದಾಗಿ ಹೊಳೆಯುತ್ತಿದ್ದ ಚಿತ್ರ ನೋಡಿ ಎಷ್ಟೋ ಜನ ಕಣ್ಣೀರು ಹಾಕಿದರು. ಅದೇ ತಿಂಗಳ 25ರಂದು ಜೆರುಸಲೇಮಿನಲ್ಲಿ ಯೇಸುವಿನ ಸಮಾಧಿ ಇದೆ ಎಂದು ನಂಬುವ ಚರ್ಚು ಮುಚ್ಚಿತು. 27ರ ಸಂಜೆ ಪೋಪ್ ಫ್ರಾನ್ಸಿಸ್ ವ್ಯಾಟಿಕನ್ನಿನ ಸಂತ ಪೀಟರ್ ಚೌಕದಲ್ಲಿ ಮಳೆಯಲ್ಲಿ ಒಬ್ಬರೇ ನಡೆದು ಬಂದರು. ಎದುರಿಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಅಲ್ಲಿ ಇಟ್ಟಿದ್ದ ಮರದ ಶಿಲುಬೆಯನ್ನು 1522ರ ಪ್ಲೇಗಿನಲ್ಲಿ ರೋಮಿನ ಬೀದಿಗಳಲ್ಲಿ ಮೆರವಣಿಗೆ ಮಾಡಿದ್ದರಂತೆ. ಅಂದು ಅದರ ಹಿಂದೆ ಊರಿಗೆ ಊರೇ ನಡೆದಿತ್ತು. ಈ ಸಲ ಅದು ಮಳೆಯಲ್ಲಿ ಸುಮ್ಮನೆ ನೆನೆಯುತ್ತಿತ್ತು.

ಹಜ್ ಯಾತ್ರೆಗೆ 2019ರಲ್ಲಿ ಸುಮಾರು 25 ಲಕ್ಷ ಜನ ಬಂದಿದ್ದರು. 2020ರಲ್ಲಿ ಸೌದಿಯಲ್ಲೇ ಇದ್ದ ಸುಮಾರು 1,000 ಜನರಿಗೆ ಮಾತ್ರ ಅವಕಾಶ ಸಿಕ್ಕಿತು. ಸೈತಾನನಿಗೆ ಎಸೆಯುವ ಕಲ್ಲುಗಳನ್ನು ಯಾತ್ರಿಕರು ತಾವೇ ಆರಿಸಿಕೊಳ್ಳುವುದು ವಾಡಿಕೆ. ಆ ವರ್ಷ ಕ್ರಿಮಿನಾಶಕ ಹಾಕಿ ಶುದ್ಧ ಮಾಡಿದ ಕಲ್ಲುಗಳನ್ನು ಚೀಲದಲ್ಲಿ ಹಾಕಿ ಕೈಗೆ ಕೊಟ್ಟರು. ಕಾಬಾವನ್ನು ಮುಟ್ಟುವ ಹಾಗಿರಲಿಲ್ಲ.

ಧರ್ಮದ ನಿಯಮಗಳು ಕಲ್ಲಿನಲ್ಲಿ ಕೊರೆದಂಥವು, ಒಂಚೂರೂ ಅಲುಗಾಡುವುದಿಲ್ಲ ಎಂದು ನಾವು ಅಂದುಕೊಂಡಿರುತ್ತೇವೆ. ಆದರೆ ಆ ವಾರಗಳಲ್ಲಿ ನನಗೆ ಬೇರೆಯೇ ಒಂದು ವಿಷಯ ಕಾಣಿಸಿತು. ಹಳೆಯ ಮನೆಗಳಿಗೆ ಹಿತ್ತಲ ಬಾಗಿಲು ಇರುವ ಹಾಗೆ ಹಳೆಯ ಧರ್ಮಗಳಿಗೂ ಇದೆ. ಹಿಂದೆ ಯಾವುದೋ ಕಷ್ಟದಲ್ಲಿ ಹಿರಿಯರು ಅದನ್ನು ತೆರೆದಿರುತ್ತಾರೆ. ನಾವು ಮರೆತಿರುತ್ತೇವೆ, ಅಷ್ಟೇ. ಆ ಮಾರ್ಚ್‌ನಲ್ಲಿ ಕುವೈತಿನ ಮಸೀದಿಗಳ ಆಜಾನ್‌ನಲ್ಲಿ "ಪ್ರಾರ್ಥನೆಗೆ ಬನ್ನಿ" ಎಂಬ ಸಾಲಿನ ಬದಲು "ನಿಮ್ಮ ಮನೆಗಳಲ್ಲೇ ಪ್ರಾರ್ಥಿಸಿ" ಎಂಬ ಸಾಲು ಕೇಳಿಬಂತು. ಕೇಳಿದವರಿಗೆ ಎದೆ ಝಲ್ಲೆಂದಿತು. ಆದರೆ ಅದು ಹೊಸದಾಗಿ ಕಟ್ಟಿದ ಸಾಲಲ್ಲ. ಜೋರು ಮಳೆ ಬಂದು ದಾರಿ ಕೆಸರಾದ ದಿನ ಹೀಗೆ ಕೂಗಬಹುದು ಎಂದು ಪ್ರವಾದಿಯ ಕಾಲದ ಮಾತುಗಳನ್ನು ಸಂಗ್ರಹಿಸಿದ ಹದೀಸ್‌ಗಳಲ್ಲೇ ಇದೆ. ಮಳೆಗಾಗಿ ಇಟ್ಟಿದ್ದ ಬಾಗಿಲು ರೋಗಕ್ಕೂ ತೆರೆಯಿತು.

ಆ ಕಾಲದ ಆಸುಪಾಸಿನ ಇನ್ನೊಂದು ಪ್ರಸಂಗ ನನಗೆ ತುಂಬಾ ಇಷ್ಟ. ಕ್ರಿ.ಶ. 638-39ರ ಹೊತ್ತಿಗೆ ಸಿರಿಯಾದ ಕಡೆ ಪ್ಲೇಗ್ ಬಂದಿತ್ತು. ಖಲೀಫ ಉಮರ್ ಅಲ್ಲಿಗೆ ಹೊರಟವರು ಸುದ್ದಿ ಕೇಳಿ ಅರ್ಧ ದಾರಿಯಿಂದ ವಾಪಸ್ ಹೊರಟರು. ಅವರ ಸೇನಾಪತಿ ಅಬು ಉಬೈದಾ ಕೇಳಿದರು, ದೈವ ಬರೆದದ್ದರಿಂದ ಓಡಿಹೋಗುತ್ತೀರಾ ಎಂದು. ಹೌದು, ದೈವ ಬರೆದ ಒಂದರಿಂದ ದೈವವೇ ಬರೆದ ಇನ್ನೊಂದರ ಕಡೆಗೆ ಹೋಗುತ್ತಿದ್ದೇನೆ ಎಂದರು ಉಮರ್. ರೋಗ ಇರುವ ಊರಿಗೆ ಹೋಗಬೇಡಿ, ರೋಗ ಇರುವ ಊರಲ್ಲಿದ್ದರೆ ಬಿಟ್ಟು ಬರಬೇಡಿ ಎಂಬ ಪ್ರವಾದಿಯ ಮಾತನ್ನು ಆಗ ಒಬ್ಬರು ನೆನಪಿಸಿದರು. ಅಬು ಉಬೈದಾ ತಮ್ಮ ಜನರ ಜೊತೆ ಅಲ್ಲೇ ಉಳಿದರು, ಅದೇ ಪ್ಲೇಗಿನಲ್ಲಿ ತೀರಿಕೊಂಡರು. ಇಬ್ಬರಲ್ಲಿ ಯಾರ ನಂಬಿಕೆ ದೊಡ್ಡದು ಎಂದು ಅಳೆಯಲು ನನಗೆ ಮನಸ್ಸು ಬರುವುದಿಲ್ಲ.

ಇಂಗ್ಲೆಂಡಿನಲ್ಲಿ 1349ರ ಜನವರಿಯಲ್ಲಿ ಇಂಥದ್ದೇ ಒಂದು ಬಾಗಿಲು ತೆರೆಯಿತು. ಕರಿ ಸಾವು ಎಂದು ಕರೆಯುವ ಪ್ಲೇಗಿನ ಕಾಲ. ಸಾಯುವವರ ಹತ್ತಿರ ಹೋಗಿ ಹೋಗಿ ಪಾದ್ರಿಗಳೇ ಸತ್ತಿದ್ದರು. ಕೊನೆಯ ಪಾಪನಿವೇದನೆ ಕೇಳಲು ಜನವೇ ಇರಲಿಲ್ಲ. ಆಗ ಬಾತ್ ಮತ್ತು ವೆಲ್ಸ್‌ನ ಬಿಷಪ್ ರಾಲ್ಫ್ ಒಂದು ಪತ್ರ ಹೊರಡಿಸಿದರು. ಪಾದ್ರಿ ಸಿಗದಿದ್ದರೆ ಸಾಮಾನ್ಯ ಮನುಷ್ಯನ ಹತ್ತಿರವೇ ಹೇಳಿಕೊಳ್ಳಿ, ಗಂಡಸು ಇಲ್ಲದಿದ್ದರೆ ಹೆಂಗಸಿನ ಹತ್ತಿರ ಹೇಳಿಕೊಂಡರೂ ಆಯಿತು. ಆ ಕಾಲದಲ್ಲಿ ಎಂಥ ಮಾತು ಅದು! ಒಬ್ಬ ಮನುಷ್ಯ ಒಂಟಿಯಾಗಿ, ಯಾರಿಗೂ ಏನೂ ಹೇಳದೆ ಸಾಯಬಾರದು ಎಂಬುದೇ ಆ ಪತ್ರದ ಕಳಕಳಿ. ನಿಯಮ ಬಗ್ಗಿಸಿಯಾದರೂ ಪಕ್ಕದಲ್ಲಿ ಒಬ್ಬರು ಇರಲಿ ಎಂದು ಆ ಬಿಷಪ್ ಬಯಸಿದ್ದರು.

ಈಗ ಮಿಲಾನಿನ ಕಥೆಗೆ ಬರುತ್ತೇನೆ. ದೊಡ್ಡಮ್ಮನ ಮಾತು ನನಗೆ ಸರಿಯಾಗಿ ಅರ್ಥವಾಗಿದ್ದೇ ಇದನ್ನು ಓದಿದ ಮೇಲೆ. 1576ರಲ್ಲಿ ಆ ನಗರಕ್ಕೆ ಪ್ಲೇಗ್ ಬಡಿಯಿತು. ಜನ ಮನೆ ಬಿಟ್ಟು ಹೊರಗೆ ಬರಬಾರದು ಎಂದು ಆಜ್ಞೆಯಾಯಿತು. ಚರ್ಚಿಗೆ ಹೋಗುವ ಹಾಗಿಲ್ಲ. ಆರ್ಚ್‌ಬಿಷಪ್ ಕಾರ್ಲೊ ಬೊರೊಮಿಯೊ ಏನು ಮಾಡಿದರು ಗೊತ್ತಾ? ರಸ್ತೆಗಳು ಕೂಡುವ ಜಾಗಗಳಲ್ಲಿ ಬಲಿಪೀಠ ಕಟ್ಟಿಸಿದರು. ಪಾದ್ರಿಗಳು ಅಲ್ಲಿ ಬಂದು ಪೂಜೆ ನಡೆಸುವುದು, ಜನ ತಮ್ಮ ತಮ್ಮ ಕಿಟಕಿಯಲ್ಲಿ ನಿಂತು ಭಾಗವಹಿಸುವುದು. ದಿನಕ್ಕೆ ಏಳು ಸಲ ಗಂಟೆ ಬಾರಿಸುತ್ತಿತ್ತು. ಗಂಟೆಯಾದ ಕೂಡಲೇ ಬೀದಿಯ ಕಿಟಕಿಗಳೆಲ್ಲ ತೆರೆದುಕೊಳ್ಳುತ್ತಿದ್ದವು. ಒಂದು ಕಡೆಯಿಂದ ಪ್ರಾರ್ಥನೆಯ ಸಾಲು ಶುರುವಾದರೆ ಉಳಿದ ಕಿಟಕಿಗಳಿಂದ ಉತ್ತರ ಬರುತ್ತಿತ್ತು. ಊರೇ ಒಂದು ಚರ್ಚಿನ ಹಾಗೆ ಹಾಡುತ್ತಿತ್ತು.

ಇದು ನಮ್ಮ ನೇರಪ್ರಸಾರದ ಮುತ್ತಜ್ಜ ಅಂತ ಮೊದಲು ಅನ್ನಿಸಿತು. ಆಮೇಲೆ ಯೋಚಿಸಿದರೆ ಒಂದು ದೊಡ್ಡ ವ್ಯತ್ಯಾಸ ಕಾಣಿಸಿತು. ಕಿಟಕಿಯಲ್ಲಿ ನಿಂತವರಿಗೆ ಕಾಣುವುದು ಕೆಳಗಿನ ಬಲಿಪೀಠ ಒಂದೇ ಅಲ್ಲ. ಎದುರು ಮನೆಯ ಕಿಟಕಿಯೂ ಕಾಣುತ್ತದೆ. ಅಲ್ಲಿ ನಿಂತ ಮುದುಕಿ ಇವತ್ತು ಬಂದಿದ್ದಾಳೆ, ನಿನ್ನೆ ಬಂದಿದ್ದ ಅವಳ ಗಂಡ ಇವತ್ತು ಇಲ್ಲ. ಮೇಲಿನ ಮನೆಯ ಮಗು ಜೋರಾಗಿ ಹಾಡುತ್ತಿದೆ. ನಮ್ಮ ಮೊಬೈಲ್ ಇದನ್ನೆಲ್ಲ ತೋರಿಸಲಿಲ್ಲ. ಕ್ಯಾಮೆರಾ ಯಾವಾಗಲೂ ಮುಂದಕ್ಕೇ ನೋಡುತ್ತಿತ್ತು. ಪೂಜೆ ಮಾಡುವವರು, ಪ್ರವಚನ ಹೇಳುವವರು, ದೀಪ, ಗ್ರಂಥ ಎಲ್ಲ ಕಣ್ಣ ಮುಂದೆ. ಪಕ್ಕಕ್ಕೆ ಅದು ಒಂದು ಸಲವೂ ತಿರುಗಲಿಲ್ಲ. ಎಷ್ಟು ಜನ ನೋಡುತ್ತಿದ್ದಾರೆ ಎಂಬ ಅಂಕಿ ಮೂಲೆಯಲ್ಲಿ ಬರುತ್ತಿತ್ತು. ಅವರು ಯಾರು ಎಂದು ತಿಳಿಯುತ್ತಿರಲಿಲ್ಲ.

ಜೊತೆಗೆ ಕೂರುವುದು ಎಷ್ಟು ಮುಖ್ಯ ಎಂದು ಕೆಲವು ಧರ್ಮಗಳು ಲೆಕ್ಕ ಹಾಕಿಯೇ ಇಟ್ಟಿವೆ. ಯಹೂದಿಗಳಲ್ಲಿ ಸತ್ತವರಿಗಾಗಿ ಹೇಳುವ ಕಡ್ಡಿಶ್ ಪ್ರಾರ್ಥನೆಗೆ ಕನಿಷ್ಠ ಹತ್ತು ಜನ ಸೇರಬೇಕು. ದುಃಖದಲ್ಲಿರುವವರು ಒಂಟಿಯಾಗಿ ಹೇಳಿಕೊಂಡರೆ ಅದು ಕಡ್ಡಿಶ್ ಆಗುವುದಿಲ್ಲ. 2020ರಲ್ಲಿ ಇದೇ ದೊಡ್ಡ ಪ್ರಶ್ನೆಯಾಯಿತು. ಪರದೆ ಮೇಲೆ ಕಾಣುವ ಹತ್ತು ಮುಖಗಳು ಹತ್ತು ಜನ ಆಗುತ್ತವಾ? ಈ ತುರ್ತಿನಲ್ಲಿ ಆಗುತ್ತವೆ ಎಂದು ಅವರ ಧರ್ಮಗುರುಗಳಾದ ಕೆಲವು ರಬ್ಬಿಗಳು ಹೇಳಿದರು, ಆಗುವುದಿಲ್ಲ ಎಂದು ಇನ್ನು ಕೆಲವರು. ಅಕ್ಕಪಕ್ಕದ ಬಾಲ್ಕನಿ, ಅಂಗಳಗಳಲ್ಲಿ ದೂರ ದೂರ ನಿಂತು ಒಬ್ಬರನ್ನೊಬ್ಬರು ನೋಡುತ್ತಾ ಹತ್ತು ಜನರಾದವರೂ ಇದ್ದರು. ಹೊರಗಿನವರಿಗೆ ಇದು ಬರೀ ಶಾಸ್ತ್ರದ ಜಗಳ ಎನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಅಪ್ಪನನ್ನು ಕಳೆದುಕೊಂಡ ಮಗನಿಗೆ ಇನ್ನೂ ಒಂಬತ್ತು ಜನ ಎದ್ದು ಬರಲೇಬೇಕು ಎಂಬ ನಿಯಮ ಮಾಡಿದವರು ಮನುಷ್ಯರ ಸಂಕಟ ಚೆನ್ನಾಗಿ ಬಲ್ಲವರು.

ಸಂಕಟ ಏನೆಂದರೆ, ಹೀಗೆ ಹತ್ತಿರ ಸೇರುವುದೇ ಈ ರೋಗಕ್ಕೆ ಬೇಕಾಗಿತ್ತು. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬಲ್ಲಿ ಒಂದು ಗಾಯಕ ತಂಡ ಚರ್ಚಿನಲ್ಲಿ ಸೇರಿ ಎರಡೂವರೆ ಗಂಟೆ ಹಾಡಿನ ಅಭ್ಯಾಸ ಮಾಡಿತು. ಕೈಗೆ ಸ್ಯಾನಿಟೈಸರ್ ಹಾಕಿಕೊಂಡಿದ್ದರು. ಅಪ್ಪಿಕೊಳ್ಳಲಿಲ್ಲ, ಕೈ ಕುಲುಕಲಿಲ್ಲ. ಬಂದಿದ್ದ 61 ಜನರಲ್ಲಿ 53 ಜನರಿಗೆ ಸೋಂಕು ತಗುಲಿತು ಅಥವಾ ತಗುಲಿರಬಹುದು ಎಂದು ಲೆಕ್ಕಕ್ಕೆ ಬಂತು. ಇಬ್ಬರು ತೀರಿಕೊಂಡರು. ರೋಗ ಗಾಳಿಯಲ್ಲಿ ಹರಡುತ್ತದೆ ಎಂದು ವಿಜ್ಞಾನಿಗಳು ಕಲಿತ ಮೊದಲ ಪಾಠಗಳಲ್ಲಿ ಇದೂ ಒಂದು. ಆ ಜನ ಮಾಡಿದ್ದು ಒಟ್ಟಿಗೆ ಹಾಡಿದ್ದು, ಅಷ್ಟೇ. ಉಸಿರು ಎಳೆದು, ಎದೆ ತುಂಬಿ ಹಾಡುವುದನ್ನು ಎಷ್ಟೋ ಧರ್ಮಗಳು ಶತಮಾನಗಳಿಂದ ಕಲಿಸಿಕೊಂಡು ಬಂದಿವೆ. ಅದೇ ಉಸಿರಿಗೆ ಹೆದರಬೇಕಾಯಿತು. ಬಾಗಿಲುಗಳು ಮತ್ತೆ ತೆರೆದಾಗಲೂ ಎಷ್ಟೋ ಕಡೆ ಬರಬಹುದು, ಹಾಡುವ ಹಾಗಿಲ್ಲ ಎಂಬ ನಿಯಮ ಇತ್ತು.

ಸಾವಿನ ವಿಷಯ ಬರೆಯಲು ಕೈ ತಡೆಯುತ್ತದೆ. ಆದರೂ ಬರೆಯಬೇಕು. ಹೆಚ್ಚು ಗಾಯ ಆಗಿರುವುದು ಅಲ್ಲೇ.

ನನ್ನ ಹತ್ತಿರದ ಗೆಳೆಯನ ತಾಯಿ 2021ರಲ್ಲಿ ತೀರಿಕೊಂಡರು. ನಾನು ಅಂತ್ಯಕ್ರಿಯೆ ನೋಡಿದ್ದು ಪರದೆಯಲ್ಲಿ. ಅಲ್ಲಿ ಇದ್ದದ್ದು ಐದೇ ಜನ, ಮೈತುಂಬ ರಕ್ಷಣಾ ಉಡುಪು. ಅವರಲ್ಲಿ ಗೆಳೆಯ ಯಾರು ಎಂದು ಅವನು ನಿಲ್ಲುವ ರೀತಿಯಿಂದ ಗುರುತು ಹಿಡಿದೆ. ಯಾವಾಗಲೂ ಎಡಗಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಾನೆ. ಪರದೆಯಲ್ಲಿ ನಾವು ಎಪ್ಪತ್ತಕ್ಕೂ ಹೆಚ್ಚು ಜನ, ಚಿಕ್ಕ ಚಿಕ್ಕ ಚೌಕಗಳಲ್ಲಿ. ಪ್ರಾರ್ಥನೆ ನಡೆಯುತ್ತಿರುವಾಗ ಯಾರದೋ ಮೈಕ್ ತೆರೆದುಕೊಂಡಿತು. ಒಬ್ಬ ಹೆಂಗಸು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಆ ಅಳು ಪ್ರಾರ್ಥನೆಯ ಮೇಲೆ ಬಂತು. ಎರಡು ಮೂರು ಸೆಕೆಂಡಿನಲ್ಲಿ ಯಾರೋ ಅವರ ಮೈಕ್ ಬಂದ್ ಮಾಡಿದರು. ಚೌಕದಲ್ಲಿ ಅವರ ಭುಜಗಳು ಅಲುಗುತ್ತಲೇ ಇದ್ದವು. ಶಬ್ದ ಮಾತ್ರ ಇರಲಿಲ್ಲ.

ಮೈಕ್ ಬಂದ್ ಮಾಡಿದವರ ತಪ್ಪಿಲ್ಲ. ಪ್ರಾರ್ಥನೆ ಎಲ್ಲರಿಗೂ ಕೇಳಿಸಲಿ ಎಂದು ಮಾಡಿದರು. ಆದರೆ ಸಾವಿನ ಮನೆಯಲ್ಲಿ ಒಬ್ಬರು ಹೀಗೆ ಅತ್ತರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಪಕ್ಕದವರು ಎಳೆದು ಹೆಗಲಿಗೆ ಒರಗಿಸಿಕೊಳ್ಳುತ್ತಾರೆ. ಅವರ ಅಳು ಇನ್ನೊಬ್ಬರ ಅಳುವನ್ನು ಹೊರಗೆ ತರುತ್ತದೆ. ಅಳುವುದೂ ಆ ಕ್ರಿಯೆಯ ಒಂದು ಭಾಗವೇ ಅಲ್ವಾ? ಎಲ್ಲ ಮುಗಿದ ಮೇಲೆ ಅಲ್ಲಿಯ ಕ್ಯಾಮೆರಾ ಬಂದ್ ಆಯಿತು. ಪರದೆಯಲ್ಲಿದ್ದ ನಾವು ಯಾರೂ ಹೊರಗೆ ಹೋಗಲಿಲ್ಲ. ಮಾತಿಲ್ಲ. ಸುಮ್ನೆ ಹತ್ತು ನಿಮಿಷ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತಿದ್ದೆವು. ಆ ಹತ್ತು ನಿಮಿಷ ಮಾತ್ರ ನನಗೆ ಸಾವಿನ ಮನೆಗೆ ಹೋಗಿ ಬಂದ ಹಾಗೆ ಅನ್ನಿಸಿತು.

ಸತ್ತವರ ದೇಹವನ್ನು ತೊಳೆಯುವುದು, ಬಟ್ಟೆ ಹೊದಿಸುವುದು, ಹೆಗಲು ಕೊಡುವುದು, ಹಿಡಿ ಮಣ್ಣು ಹಾಕುವುದು. ಬೇರೆ ಬೇರೆ ಧರ್ಮಗಳಲ್ಲಿ ಕ್ರಮ ಬೇರೆ ಬೇರೆ. ಆದರೆ ಇವೆಲ್ಲ ಕೈಯಿಂದ ಮಾಡುವ ಕೆಲಸಗಳು. ದುಃಖದಲ್ಲಿರುವವರ ಕೈಗೆ ಕೆಲಸ ಕೊಟ್ಟು ಅವರನ್ನು ಆ ಒಂದು ದಿನ ದಾಟಿಸುವ ಉಪಾಯ ಅದು. ಕೋವಿಡ್ ಆ ಕೆಲಸವನ್ನೇ ಕಿತ್ತುಕೊಂಡಿತು. ಶ್ರೀಲಂಕಾದಲ್ಲಿ ಇದು ಅನ್ಯಾಯದ ಮಟ್ಟಕ್ಕೆ ಹೋಯಿತು. ಕೋವಿಡ್‌ನಿಂದ ಸತ್ತವರನ್ನೆಲ್ಲ ಸುಡಲೇಬೇಕು ಎಂದು ಅಲ್ಲಿನ ಸರ್ಕಾರ 2020ರಲ್ಲಿ ಆದೇಶ ಮಾಡಿತು. ಹೂಳಿದರೂ ತೊಂದರೆಯಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದರೂ ಕೇಳಲಿಲ್ಲ. ಹೂಳುವುದೇ ಧರ್ಮವಾಗಿರುವ ಮುಸ್ಲಿಮರ ದೇಹಗಳನ್ನೂ ಸುಟ್ಟರು. ಇಪ್ಪತ್ತು ದಿನದ ಒಂದು ಕೂಸನ್ನೂ ಹಾಗೆಯೇ ಸುಟ್ಟಾಗ ಜನ ಕೊಲಂಬೊದ ಸ್ಮಶಾನದ ಗೇಟಿಗೆ ಬಿಳಿ ಬಟ್ಟೆಯ ತುಂಡುಗಳನ್ನು ಕಟ್ಟಿ ಬಂದರು. ಬೇರೆ ಧರ್ಮದವರೂ ಕಟ್ಟಿದರು. 2021ರ ಫೆಬ್ರವರಿಯಲ್ಲಿ ಆದೇಶ ವಾಪಸ್ ಆಯಿತು. 2024ರಲ್ಲಿ ಸರ್ಕಾರ ಕ್ಷಮೆ ಕೇಳಿತು.

ಇದನ್ನು ಸರಿಯಾಗಿ ಮಾಡಲು ಆಗುತ್ತಿತ್ತು ಎಂಬುದೇ ಬೇಸರದ ವಿಷಯ. ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಬಂದಾಗ ಶವ ತೊಳೆಯುವುದರಿಂದಲೂ ರೋಗ ಹರಡುತ್ತಿತ್ತು. ಮೊದಲು ಅಧಿಕಾರಿಗಳು ದೇಹ ಒಯ್ದು ಬೇಗ ಬೇಗ ಹೂತುಬಿಡುತ್ತಿದ್ದರು. ಜನ ಹೆದರಿ ಹೆಣಗಳನ್ನೇ ಬಚ್ಚಿಡಲು ಶುರು ಮಾಡಿದರು. ಆಮೇಲೆ 2014ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಧಾರ್ಮಿಕ ಸಂಸ್ಥೆಗಳ ಜೊತೆ ಕೂತು ಹೊಸ ಕ್ರಮ ಬರೆಯಿತು. ನೀರಿನ ಬದಲು ನೀರಿಲ್ಲದೆ ಮಾಡುವ ಶುದ್ಧಿ, ಬಿಳಿ ಬಟ್ಟೆ, ಮನೆಯವರಿಗೆ ದೂರದಲ್ಲಿ ನಿಂತು ಪ್ರಾರ್ಥಿಸಲು ಸಮಯ. ಸುರಕ್ಷಿತವೂ ಆಗಬೇಕು, ಗೌರವವೂ ಇರಬೇಕು. ಧರ್ಮದವರನ್ನು ಕರೆದು ಕೇಳಿದರೆ ದಾರಿ ಸಿಗುತ್ತದೆ. ಕೋವಿಡ್ ಕಾಲದಲ್ಲಿ ಎಷ್ಟೋ ಕಡೆ ಕೇಳಲೇ ಇಲ್ಲ.

ರೋಗ ಬಂದಾಗ ಒಂದು ಸಮುದಾಯ ತನ್ನ ಪಕ್ಕದ ಸಮುದಾಯವನ್ನು ಹೇಗೆ ನೋಡುತ್ತದೆ ಎಂಬುದು ಇನ್ನೊಂದು ದೊಡ್ಡ ವಿಷಯ. 1348ರ ಬೇಸಿಗೆಯಲ್ಲಿ ಯಾತ್ರಿಕ ಇಬ್ನ್ ಬತೂತಾ ಡಮಾಸ್ಕಸ್‌ನಲ್ಲಿ ಇದ್ದ. ಊರಲ್ಲಿ ಪ್ಲೇಗ್. ಜನ ಮೂರು ದಿನ ಉಪವಾಸ ಮಾಡಿದರು. ನಾಲ್ಕನೆಯ ದಿನ ಮುಸ್ಲಿಮರು ಕುರಾನ್ ಹಿಡಿದು, ಯಹೂದಿಗಳು ತಮ್ಮ ತೋರಾ ಹಿಡಿದು, ಕ್ರೈಸ್ತರು ತಮ್ಮ ಸುವಾರ್ತೆ ಹಿಡಿದು, ಹೆಂಗಸರು ಮಕ್ಕಳು ಸಮೇತ ಊರಾಚೆಯ ಒಂದು ಮಸೀದಿಯ ತನಕ ಅಳುತ್ತಾ ನಡೆದರು ಎಂದು ಅವನು ಬರೆದಿದ್ದಾನೆ. ಅದೇ ಪ್ಲೇಗ್ ಯುರೋಪಿಗೆ ಹೋದಾಗ ಯಹೂದಿಗಳು ಬಾವಿಗೆ ವಿಷ ಹಾಕಿದ್ದಾರೆ ಎಂಬ ಪುಕಾರು ಎದ್ದಿತು. ಅವರೂ ಎಲ್ಲರ ಹಾಗೆ ಸಾಯುತ್ತಿದ್ದಾರೆ, ಸುಳ್ಳು ನಂಬಬೇಡಿ ಎಂದು ಪೋಪ್ ಆರನೇ ಕ್ಲೆಮೆಂಟ್ 1348ರಲ್ಲೇ ಆಜ್ಞೆ ಹೊರಡಿಸಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1349ರ ಫೆಬ್ರವರಿ 14ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ನೂರಾರು ಯಹೂದಿಗಳನ್ನು ಜೀವಂತ ಸುಟ್ಟರು. ಎರಡು ಊರುಗಳ ನಡುವೆ ಒಂದು ವರ್ಷದ ಅಂತರವೂ ಇಲ್ಲ.

2020ರಲ್ಲೂ ಬೆರಳು ತೋರಿಸುವುದು ನಿಲ್ಲಲಿಲ್ಲ. ದಕ್ಷಿಣ ಕೊರಿಯಾದಲ್ಲಿ ಶಿಂಚಿಯೊಂಜಿ ಎಂಬ ಪಂಥದ ಸಭೆಗಳಿಂದ ಸಾವಿರಾರು ಜನರಿಗೆ ಸೋಂಕು ಹರಡಿತು. ಅದರ ನಾಯಕ ಕ್ಯಾಮೆರಾಗಳ ಮುಂದೆ ಮಂಡಿಯೂರಿ ಕ್ಷಮೆ ಕೇಳಿದ. ದೆಹಲಿಯಲ್ಲಿ ತಬ್ಲೀಘಿ ಜಮಾತ್ ಸಭೆಯಿಂದ ಸೋಂಕು ಹರಡಿದ್ದು ನಿಜ. ಆದರೆ ಅದರ ಹೆಸರಿನಲ್ಲಿ ಇಡೀ ಸಮುದಾಯದ ಮೇಲೆ ದ್ವೇಷ ಸುರಿದದ್ದೂ ಅಷ್ಟೇ ನಿಜ. ಆ ಸಭೆಗೆ ಬಂದಿದ್ದ ವಿದೇಶಿಯರನ್ನು ಬಲಿಪಶು ಮಾಡಲಾಗಿದೆ ಎಂದು ಬಾಂಬೆ ಹೈಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿತು. ಮರುವರ್ಷ ಏಪ್ರಿಲ್‌ನಲ್ಲಿ, ಎರಡನೇ ಅಲೆ ಏರುತ್ತಿರುವಾಗಲೇ, ಹರಿದ್ವಾರದ ಕುಂಭಮೇಳದಲ್ಲಿ ಲಕ್ಷಾಂತರ ಜನ ಸೇರಿದರು. ಸೇರಬೇಕು ಎಂದು ಬಂದವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಭಯವಾದಾಗ ಒಟ್ಟಿಗೆ ಇರಬೇಕು ಅನ್ನಿಸುವುದು ಸಹಜ. ಆದರೆ ಬೇಡ ಎಂದು ಹೇಳಬೇಕಾದ ಜಾಗದಲ್ಲಿ ಕೂತವರು ಹೇಳಬೇಕಿತ್ತು. ಮಿಲಾನಿನಲ್ಲೇ 1630ರಲ್ಲಿ ಇನ್ನೊಂದು ಪ್ಲೇಗ್ ಬಂದಾಗ ಅಲ್ಲಿಯ ಆರ್ಚ್‌ಬಿಷಪ್ ಮೆರವಣಿಗೆ ಬೇಡ ಎಂದೇ ಮೊದಲು ಹೇಳಿದ್ದರು. ಕೊನೆಗೆ ಒತ್ತಾಯಕ್ಕೆ ಮಣಿದರು. ಕಿಟಕಿಯ ಪೂಜೆ ಕಲಿಸಿದ್ದ ಅದೇ ಕಾರ್ಲೊ ಬೊರೊಮಿಯೊ ಅವರ ದೇಹವನ್ನು ಜೂನ್ 11ರಂದು ಊರೆಲ್ಲ ಮೆರೆಸಿದರು. ಆಮೇಲಿನ ದಿನಗಳಲ್ಲಿ ಸಾವು ಏರುತ್ತಲೇ ಹೋಯಿತು.

ಬಾಗಿಲು ಮುಚ್ಚಿದ ಜಾಗಗಳು ಸುಮ್ಮನೆ ಮುಚ್ಚಿಕೊಂಡೇ ಇರಲಿಲ್ಲ ಎಂಬುದನ್ನೂ ಹೇಳಬೇಕು. ಇಂಗ್ಲೆಂಡಿನ ಸಾಲ್ಸ್‌ಬರಿ ಕೆಥೆಡ್ರಲ್ 2021ರ ಜನವರಿಯಲ್ಲಿ ಲಸಿಕೆ ಕೇಂದ್ರವಾಯಿತು. 13ನೇ ಶತಮಾನದ ಕಟ್ಟಡ ಅದು. ವಯಸ್ಸಾದವರು ತೋಳು ಮಡಚಿ ಸೂಜಿ ಹಾಕಿಸಿಕೊಳ್ಳುತ್ತಿದ್ದರೆ ಆರ್ಗನ್ ವಾದಕರು ಗಂಟೆಗಟ್ಟಲೆ ಸಂಗೀತ ನುಡಿಸುತ್ತಿದ್ದರು. ಭಾರತದಲ್ಲಿ ಎರಡನೇ ಅಲೆಯಲ್ಲಿ ಆಮ್ಲಜನಕ ಸಿಗದೆ ಜನ ಸಾಯುತ್ತಿದ್ದಾಗ ದೆಹಲಿ ಪಕ್ಕದ ಗಾಜಿಯಾಬಾದಿನ ಒಂದು ಗುರುದ್ವಾರ ರಸ್ತೆ ಬದಿಯಲ್ಲೇ ಆಕ್ಸಿಜನ್ ಲಂಗರ್ ಶುರು ಮಾಡಿತು. ಹಸಿದು ಬಂದವರ ಜಾತಿ ಧರ್ಮ ಕೇಳದೆ ಊಟ ಹಾಕುವುದು ಲಂಗರ್. ಈಗ ಉಸಿರಿಗಾಗಿ ಬಂದವರನ್ನೂ ಕೇಳದೆ ಸಿಲಿಂಡರಿನ ಪಕ್ಕ ಕೂರಿಸಿದರು. ವಡೋದರಾದಲ್ಲಿ ಒಂದು ಮಸೀದಿಯೂ ಒಂದು ದೇವಸ್ಥಾನವೂ ಕೋವಿಡ್ ವಾರ್ಡುಗಳಾದವು.

ಮೂರನೇ ಶತಮಾನದಲ್ಲಿ ರೋಮನ್ ಸಾಮ್ರಾಜ್ಯವನ್ನು ಒಂದು ದೊಡ್ಡ ಪಿಡುಗು ಕಾಡಿತ್ತು. ಆಗ ಇನ್ನೂ ಚಿಕ್ಕದಾಗಿದ್ದ ಕ್ರೈಸ್ತ ಸಮುದಾಯದವರು ರೋಗಿಗಳ ಸೇವೆ ಮಾಡುತ್ತಾ ತಾವೂ ಸತ್ತರು ಎಂದು ಅಲೆಕ್ಸಾಂಡ್ರಿಯಾದ ಬಿಷಪ್ ಡಯೋನಿಷಿಯಸ್ ಬರೆದ ಪತ್ರವಿದೆ. ಆ ಧರ್ಮ ಬೆಳೆಯಲು ಈ ಆರೈಕೆಯೂ ಒಂದು ಕಾರಣ ಎಂದು ಸಮಾಜಶಾಸ್ತ್ರಜ್ಞ ರಾಡ್ನಿ ಸ್ಟಾರ್ಕ್ ವಾದ ಮಾಡಿದ್ದರು. ಜ್ವರದಲ್ಲಿ ಮಲಗಿದಾಗ ಬಾಯಿಗೆ ನೀರು ಹಾಕಿದವರನ್ನು ಯಾರು ಮರೆಯುತ್ತಾರೆ ಹೇಳಿ.

ಇನ್ನು ಆಮೇಲೆ ಏನಾಯಿತು? 2020ರ ಮಾರ್ಚ್‌ನಲ್ಲಿ ನೂರಕ್ಕೂ ಹೆಚ್ಚು ದೇಶಗಳ ಗೂಗಲ್ ಹುಡುಕಾಟ ನೋಡಿದ ಕೋಪನ್‌ಹೇಗನ್‌ನ ಅರ್ಥಶಾಸ್ತ್ರಜ್ಞೆ ಜಾನೆಟ್ ಬೆಂಟ್‌ಜೆನ್, ಪ್ರಾರ್ಥನೆ ಎಂಬ ಪದದ ಹುಡುಕಾಟ ಒಮ್ಮೆಲೇ ಏರಿದ್ದನ್ನು ತೋರಿಸಿದರು. ಅಂದರೆ ದೇವರ ನೆನಪು ಜಾಸ್ತಿಯೇ ಆಗಿತ್ತು. ಆದರೆ ಅಮೆರಿಕದಲ್ಲಿ ತಿಂಗಳಿಗೆ ಒಮ್ಮೆಯಾದರೂ ಪ್ರಾರ್ಥನಾ ಸಭೆಗೆ ಹೋಗುವವರು 2019ರಲ್ಲಿ 33% ಇದ್ದದ್ದು 2022ರಲ್ಲಿ 30%ಕ್ಕೆ ಇಳಿಯಿತು ಎಂದು ಪ್ಯೂ ಸಂಸ್ಥೆಯ ಸಮೀಕ್ಷೆ ಹೇಳಿತು. ಇಳಿಕೆ ಚಿಕ್ಕದೇ. ಆದರೆ ಆ ಮೂರರಲ್ಲಿ ದೊಡ್ಡಮ್ಮನಂಥವರು ಎಷ್ಟು ಜನರೋ ಎಂದು ನನ್ನ ಮನಸ್ಸು ಕೇಳುತ್ತದೆ. ನಂಬಿಕೆ ಕಳೆದುಕೊಂಡು ಬಿಟ್ಟವರಲ್ಲ. ಹೋಗುವ ಅಭ್ಯಾಸ ತಪ್ಪಿ, ಹೋದರೂ ಗುರುತಿನ ಮುಖ ಕಾಣದೆ, ಮನೆಯಲ್ಲೇ ಉಳಿದವರು.

ನೇರಪ್ರಸಾರವನ್ನು ಬೈದು ಮುಗಿಸಿದರೆ ಅನ್ಯಾಯವಾಗುತ್ತದೆ. ಹಾಸಿಗೆ ಹಿಡಿದವರು, ಗಾಲಿಕುರ್ಚಿಯಲ್ಲಿ ಇರುವವರು, ಮೆಟ್ಟಿಲು ಹತ್ತಲಾರದವರು, ಆಸ್ಪತ್ರೆಯ ರಾತ್ರಿ ಪಾಳಿಯವರು ಎಷ್ಟೋ ವರ್ಷಗಳಿಂದ ಹೊರಗೇ ಇದ್ದರು. ನಮಗೆಲ್ಲ ಬಾಗಿಲು ಮುಚ್ಚಿದ ದಿನ ಅವರಿಗೆ ಮೊದಲ ಸಲ ತೆರೆಯಿತು. ನನ್ನ ಪರಿಚಯದ ಒಬ್ಬರು ಹದಿನಾಲ್ಕು ವರ್ಷದ ಮೇಲೆ ಪ್ರಾರ್ಥನೆ ನೋಡಿದೆ ಎಂದು ಹೇಳುವಾಗ ಅವರ ಧ್ವನಿ ನಡುಗುತ್ತಿತ್ತು. ಮಿಕ್ಕವರು ವಾಪಸ್ ಹೋಗಲು ಶುರು ಮಾಡಿದ ಮೇಲೆ ಎಷ್ಟೋ ಕಡೆ ಆ ಕ್ಯಾಮೆರಾ ಬಂದ್ ಆಯಿತು. ಅದನ್ನು ಬಂದ್ ಮಾಡಬಾರದಿತ್ತು. ನಮ್ಮ ಅನುಕೂಲಕ್ಕೆ ತೆರೆದ ಬಾಗಿಲನ್ನು ಅವರ ಮುಖದ ಮೇಲೆ ಹಾಕಿದ ಹಾಗಾಯಿತು.

2021ರ ಅಕ್ಟೋಬರ್ 17ರಂದು ಮೆಕ್ಕಾದ ಮಸೀದಿಯಲ್ಲಿ ನೆಲಕ್ಕೆ ಅಂಟಿಸಿದ್ದ ಅಂತರದ ಗುರುತುಗಳನ್ನು ಕೆಲಸಗಾರರು ಕಿತ್ತು ತೆಗೆದರು. ಒಂದೂವರೆ ವರ್ಷದ ಮೇಲೆ ಜನ ಭುಜಕ್ಕೆ ಭುಜ ತಾಗಿಸಿ ನಿಂತರು. ಸಾಲು ನೇರ ಮಾಡಿ, ನಡುವೆ ಸಂದು ಬಿಡಬೇಡಿ ಎಂದು ನಮಾಜಿಗೆ ಮೊದಲು ಇಮಾಮರು ಹೇಳುವ ಮಾತು ಹಳೆಯದು. ಅಂದು ಅದನ್ನು ಕೇಳಿದವರಿಗೆ ಹೇಗೆ ಅನ್ನಿಸಿರಬೇಕು!

ದೊಡ್ಡಮ್ಮ ವಾಪಸ್ ಹೋದದ್ದು ಅದಕ್ಕೂ ಕೆಲವು ತಿಂಗಳು ಆದ ಮೇಲೆ. ಜೊತೆಗೆ ನಾನೂ ಹೋಗಿದ್ದೆ. ಅವರು ಯಾವಾಗಲೂ ಕೂರುವ ಜಾಗ ಒಂದು ಕಂಬದ ಪಕ್ಕ. ಅವರ ಬಲಗಡೆ ಹನ್ನೊಂದು ವರ್ಷ ಒಬ್ಬ ಹೆಂಗಸು ಕೂರುತ್ತಿದ್ದರು. ಆಕೆಗೆ ಮಂಡಿನೋವು ಇದೆ, ಮೊಮ್ಮಗಳು ಪರೀಕ್ಷೆಗೆ ಓದುತ್ತಿದ್ದಾಳೆ, ಬಲಗಿವಿ ಸ್ವಲ್ಪ ಮಂದ ಎಂದೆಲ್ಲ ದೊಡ್ಡಮ್ಮನಿಗೆ ಗೊತ್ತಿತ್ತು. ಫೋನ್ ನಂಬರ್ ಗೊತ್ತಿರಲಿಲ್ಲ. ಪೂರ್ತಿ ಹೆಸರೂ ಗೊತ್ತಿರಲಿಲ್ಲ. ವಾರಕ್ಕೊಮ್ಮೆ ಸಿಕ್ಕೇ ಸಿಗುವವರ ನಂಬರ್ ಯಾಕೆ ಬೇಕು? ಆಕೆ ತೀರಿಕೊಂಡು ಎಂಟು ತಿಂಗಳಾಯಿತು ಎಂದು ಅವತ್ತು ಅಲ್ಲಿ ಯಾರೋ ಹೇಳಿದರು. ಮನೆಯವರು ತಿಳಿಸಬೇಕಾದವರ ಪಟ್ಟಿಯಲ್ಲಿ ದೊಡ್ಡಮ್ಮ ಇರಲು ಸಾಧ್ಯವೇ ಇರಲಿಲ್ಲ.

ದೊಡ್ಡಮ್ಮ ಅಳಲಿಲ್ಲ. ಕಂಬಕ್ಕೆ ಒರಗಿ ಕೂತು, ಬಲಗಡೆಯ ಜಾಗದಲ್ಲಿ ತಮ್ಮ ಚೀಲ ಇಟ್ಟರು. ಪ್ರಾರ್ಥನೆ ಶುರುವಾಗಿ ಸ್ವಲ್ಪ ಹೊತ್ತಿಗೆ ಚಿಕ್ಕ ವಯಸ್ಸಿನ ಒಬ್ಬಳು ಹುಡುಗಿ ಜಾಗ ಹುಡುಕುತ್ತಾ ಬಂದಳು.

"ಅಜ್ಜೀ, ಇಲ್ಲಿ ಯಾರಾದ್ರೂ ಬರ್ತಾರಾ?"

ದೊಡ್ಡಮ್ಮ ಚೀಲದ ಕಡೆ ನೋಡಿದರು. ನಿಧಾನಕ್ಕೆ ಅದನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಹುಡುಗಿ ಕೂತ ಮೇಲೆ ಅವಳ ಕಡೆ ಬಾಗಿ, ಪಿಸುಮಾತಿನಲ್ಲಿ ಅವಳ ಹೆಸರು ಕೇಳಿದರು. ಪೂರ್ತಿ ಹೆಸರು. ಆಮೇಲೆ ಚೀಲದಿಂದ ಪೆನ್ನು ತೆಗೆದು, ಒಂದು ಚೀಟಿಯ ಮೇಲೆ ಫೋನ್ ನಂಬರ್ ಬರೆಸಿಕೊಂಡರು.